ಮೈಕೈ ನೋವಿನ ಗುಳಿಗೆ: ಒಳಗೇನಿದೆ ಎಂದು ತಿಳಿದು ನುಂಗಿರಿ

(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಬೀದರ, ಭಾಲ್ಕಿ, ಔರಾದ ಈ ಮೂರೂ ಕಡೆ ನಮ್ಮ ಜನರದು ಮೈಮುರಿದು ದುಡಿಯುವ ಬಾಳು. ತೊಗರಿಯ ರಾಶಿ ಮಾಡುವವರು, ಕಬ್ಬು ಕಡಿಯುವವರು, ಬೀದರ ಪಟ್ಟಣದಲ್ಲಿ ದಿನವಿಡೀ ಬಾಗಿ ಕುಳಿತು ಬಿದರಿ ಪಾತ್ರೆಯ ಮೇಲೆ ಉಳಿ ಆಡಿಸುವವರು, ಯಾರನ್ನು ಕೇಳಿದರೂ ಟೊಂಕ ನೋವು, ಕುತ್ತಿಗೆ ನೋವು. ನೋವು ಬಂದೊಡನೆ ಔಷಧದ ಅಂಗಡಿಗೆ ಹೋಗಿ "ಮೈಕೈ ನೋವಿಗೆ ಎರಡು ಗುಳಿಗೆ ಕೊಡ್ರಿ" ಎನ್ನುತ್ತೇವೆ. ಕೊಟ್ಟದ್ದನ್ನು ನುಂಗಿ ಮತ್ತೆ ಕೆಲಸಕ್ಕೆ ಹೋಗುತ್ತೇವೆ. ಆ ಗುಳಿಗೆಯೊಳಗೆ ಏನಿದೆ ಎಂದು ಕೇಳುವವರು ವಿರಳ. ಇಂದು ಅದನ್ನೇ ತಿಳಿದುಕೊಳ್ಳೋಣ.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಿಮಗೆಲ್ಲ ಗೊತ್ತಿದೆ. ಫಲಕ ಒಂದು, ಒಳಗಿನ ಪಾಠ ಇನ್ನೊಂದು. ಅಲ್ಲಿ ಅದು ನಮ್ಮ ಹಿತಕ್ಕಾಗಿಯೇ ನಡೆಯಿತು. ಗುಳಿಗೆಯ ವಿಷಯದಲ್ಲಿ ಮಾತ್ರ ನಾವು ಫಲಕವನ್ನಷ್ಟೇ ನೋಡಿ ಸುಮ್ಮನಾಗಬಾರದು. ಕಂಪನಿ ಇಟ್ಟ ಹೆಸರು ಬೇರೆ, ಒಳಗಿರುವ ಔಷಧಗಳ ಹೆಸರು ಬೇರೆ. ಎರಡು ಬೇರೆ ಹೆಸರಿನ ಗುಳಿಗೆಗಳಲ್ಲಿ ಒಂದೇ ಔಷಧ ಇರಬಹುದು.

ಇಂಥ ಗುಳಿಗೆಯಲ್ಲಿ ಬಹಳ ಸಲ ಮೂರು ಔಷಧಗಳು ಕೂಡಿರುತ್ತವೆ. ಮೊದಲನೆಯದು ಪ್ಯಾರಾಸಿಟಮಾಲ್. ಇದು ನೋವು, ಜ್ವರಗಳನ್ನು ಇಳಿಸುತ್ತದೆ. ಮಿತಿಮೀರಿದರೆ ಯಕೃತ್ತನ್ನು, ಅಂದರೆ ಲಿವರನ್ನು ಕೆಡಿಸುತ್ತದೆ. ಎರಡನೆಯದು ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್. ಇದು ಬಾವು ಇಳಿಸುತ್ತದೆ. ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲದು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಮೂರನೆಯದು ಕ್ಲೋರ್‌ಜಾಕ್ಸಜೋನ್. ಇದು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಜೊತೆಗೆ ತೂಕಡಿಕೆ ತರುತ್ತದೆ, ಅಪರೂಪಕ್ಕೆ ಲಿವರಿಗೂ ಕೇಡು ಮಾಡುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ನೋವಿನ ಗುಳಿಗೆಯಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆಯೆನ್ನಿ. ದಿನಕ್ಕೆ ಮೂರು ನುಂಗಿದರೆ 975 ಆಯಿತು. ಅದೇ ದಿನ ಜ್ವರವೆಂದು 650ರ ಗುಳಿಗೆ ನಾಲ್ಕು ಸಲ ನುಂಗಿದರೆ 2600. ನೆಗಡಿಗೆಂದು ತಂದ ಗುಳಿಗೆಯಲ್ಲಿ 500 ಇದ್ದು, ಅದನ್ನು ಎರಡು ಸಲ ನುಂಗಿದರೆ 1000. ಒಟ್ಟು 4575. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4000 ಮಿಲಿಗ್ರಾಂ ಮೀರಕೂಡದು. ಮೈ ಸಣಕಲಿದ್ದವರಿಗೆ, ಸೆರೆ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಮೂರು ಬೇರೆ ಬೇರೆ ಗುಳಿಗೆ ನುಂಗಿದೆವೆಂದು ನಾವು ತಿಳಿಯುತ್ತೇವೆ. ಲಿವರಿಗೆ ಮುಟ್ಟಿದ್ದು ಒಂದೇ ಔಷಧ. ಮೊದಲ ದಿನ ಏನೂ ತೋರದೆ, ಒಂದೆರಡು ದಿನದ ಮೇಲೆ ಕಣ್ಣು ಹಳದಿಯಾಗಬಹುದು. ಹೆಚ್ಚು ನುಂಗಿದ್ದು ತಿಳಿದೊಡನೆ ದವಾಖಾನೆಗೆ ಓಡಬೇಕು. ಇದಕ್ಕೆ ಪ್ರತಿಮದ್ದು ಉಂಟು. ಎಂಟು ಗಂಟೆಯೊಳಗೆ ಸಿಕ್ಕರೆ ಅದರ ಗುಣ ಹೆಚ್ಚು.

ಆದುದರಿಂದ ಕೆಲವು ನಿಯಮಗಳನ್ನು ನೆನಪಿಡಿರಿ.

1. ಡೈಕ್ಲೊಫೆನಾಕ್ ಇರುವ ಗುಳಿಗೆಯನ್ನು ಕಾಯಿದೆಯಂತೆ ವೈದ್ಯರ ಚೀಟಿಯ ಮೇಲೆಯೇ ಮಾರಬೇಕು. ಚೀಟಿಯಲ್ಲಿ ಬರೆದಷ್ಟು ದಿನ ಮಾತ್ರ ನುಂಗಿರಿ. ನೆರೆಮನೆಯವರ ಗುಳಿಗೆ ನಿಮಗೆ ಬೇಡ.

2. ಕಾಗದದ ಪೊಟ್ಟಣದಲ್ಲಿ ಬಿಡಿ ಗುಳಿಗೆ ತರಬೇಡಿರಿ. ಹೆಸರು, ಮುಗಿಯುವ ತಾರೀಖು ಕಾಣುವ ಹಾಳೆಯನ್ನೇ ಕೇಳಿರಿ.

3. ಬರಿ ಹೊಟ್ಟೆಯಲ್ಲಿ ನುಂಗಬೇಡಿರಿ. ರೊಟ್ಟಿ ತಿಂದ ಮೇಲೆ ನುಂಗಿರಿ. ಅದರೊಂದಿಗೆ ಸೆರೆ ಎಂದಿಗೂ ಕೂಡದು.

4. ಬೇಸಿಗೆಯ ಬಿಸಿಲಲ್ಲಿ ನೀರಿಲ್ಲದೆ ದುಡಿದಾಗ, ವಾಂತಿಭೇದಿಯಾದಾಗ ಈ ಗುಳಿಗೆ ಮೂತ್ರಪಿಂಡಕ್ಕೆ ಹೆಚ್ಚು ಅಪಾಯ. ಡೆಂಗಿ ಜ್ವರದ ಶಂಕೆಯಿದ್ದರೆ ಮುಟ್ಟಲೇಬೇಡಿರಿ, ರಕ್ತಸ್ರಾವವಾದೀತು.

5. ನುಂಗಿದ ಮೇಲೆ ಟ್ರ್ಯಾಕ್ಟರ್, ಮೋಟಾರ್ ಸೈಕಲ್ ನಡೆಸಬೇಡಿರಿ. ರಾಶಿ ಯಂತ್ರಕ್ಕೆ ಕೈ ಹಾಕಬೇಡಿರಿ. ಒಂದು ಚಣದ ತೂಕಡಿಕೆಗೆ ಕೈಯೇ ಹೋದೀತು.

6. ಗರ್ಭಿಣಿಯರು, ಮಕ್ಕಳು, ರಕ್ತದೊತ್ತಡ, ಹೃದಯ, ಉಬ್ಬಸ, ಮೂತ್ರಪಿಂಡಗಳ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಒಂದನ್ನೂ ನುಂಗಬಾರದು.

ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಮುಖ ಬಾತು ಉಸಿರು ಕಟ್ಟಿದರೆ ಗುಳಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿರಿ. ಭಾಲ್ಕಿ, ಔರಾದಗಳಲ್ಲಿ ತಾಲೂಕು ದವಾಖಾನೆಗಳಿವೆ. ಬೀದರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ದೊಡ್ಡ ಆಸ್ಪತ್ರೆಯಿದೆ. ಟೊಂಕ ನೋವಿನೊಂದಿಗೆ ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ಗುಳಿಗೆಯಿಂದ ಹೋಗುವ ನೋವಲ್ಲ, ಅದಕ್ಕೂ ತಡಮಾಡಬೇಡಿರಿ.

ಸಾಮಾನ್ಯ ಟೊಂಕ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಬಿಸಿನೀರಿನ ಕಾವು ಕೊಡಿರಿ. ಹಾಸಿಗೆ ಹಿಡಿದು ಮಲಗದೆ ಮೆಲ್ಲಗೆ ಓಡಾಡಿರಿ. ಚೀಲ ಎತ್ತುವಾಗ ಟೊಂಕ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಿರಿ. ಭಾರದ ಚೀಲಕ್ಕೆ ಇಬ್ಬರು ಕೈ ಕೊಡಿರಿ. ಬಾಗಿ ಕೂರುವವರು ಗಂಟೆಗೊಮ್ಮೆಯಾದರೂ ಎದ್ದು ಮೈ ಚಾಚಿರಿ.

ಇಂದು ಮನೆಗೆ ಹೋದೊಡನೆ ಡಬ್ಬಿಯಲ್ಲಿರುವ ಗುಳಿಗೆಗಳನ್ನು ಹೊರಗೆ ತೆಗೆಯಿರಿ. ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಒಳಗಿನ ಔಷಧಗಳ ಹೆಸರು ಓದಿಸಿರಿ. ಒಂದೇ ಹೆಸರು ಎರಡು ಹಾಳೆಗಳಲ್ಲಿ ಕಂಡರೆ, ಅವೆರಡನ್ನೂ ಒಟ್ಟಿಗೆ ನುಂಗಬಾರದೆಂದು ಮನೆಮಂದಿಗೆಲ್ಲ ಹೇಳಿರಿ. ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಕೇಳುವುದಕ್ಕೆ ಕಾಸು ಬೇಕಿಲ್ಲ. ಕೆಟ್ಟ ಮೂತ್ರಪಿಂಡವನ್ನು ಸರಿಪಡಿಸಲು ಹೊಲ ಮಾರಿದರೂ ಸಾಲದು.