ಚಿರತೆಯ ಚಿತ್ರಕ್ಕೆ ಅಂಚು ಎಲ್ಲಿ?

ಮೊಳಕಾಲ್ಮೂರು ಸೀಮೆಯ ಗುಡ್ಡಗಳನ್ನು ನೀವು ನೋಡಿದ್ದರೆ ಬಲ್ಲಿರಿ, ಅಲ್ಲಿ ಮರಕ್ಕಿಂತ ಬಂಡೆಯೇ ಹೆಚ್ಚು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಗುಂಡುಗಳ ಸಂದಿನಲ್ಲಿ ಚಿರತೆಯ ವಾಸ. ಹಗಲಿನಲ್ಲಿ ಅದು ಕಲ್ಲಿನ ಮೇಲೆ ಮಲಗಿದ್ದರೆ ಹತ್ತಿರದಲ್ಲೇ ಹಾದುಹೋದ ಕುರಿಗಾಹಿಗೂ ಸುಳಿವು ಹತ್ತದು. ಕೆಲವರು ಇದನ್ನೇ ಕಿರುಬ ಎನ್ನುತ್ತಾರೆ. ಇನ್ನು ಕೆಲವರಿಗೆ ಕಿರುಬವೆಂದರೆ ಕತ್ತೆಕಿರುಬ. ಹೆಸರಿನ ಆ ಜಗಳ ಇಲ್ಲಿ ಬೇಡ.

ಛಾಯಾಚಿತ್ರದ ವಿಷಯವಾಗಿ ಮಾತನಾಡಲು ಕನ್ನಡ ಪಂಡಿತನಿಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಇರುವ ಅಧಿಕಾರ ಒಂದೇ: ಒಂದು ಒಳ್ಳೆಯ ಚಿತ್ರವನ್ನು ನಾನು ಕೆಡಿಸಿದ್ದೇನೆ.

ನನ್ನ ಹಳೆಯ ಶಿಷ್ಯನೊಬ್ಬ ಚಳ್ಳಕೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮದುವೆ, ನಾಮಕರಣಗಳ ಚಿತ್ರ ತೆಗೆಯುವುದು ಅವನ ಕಸುಬು. ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಬೆಳಗ್ಗೆ, ಗೆಳೆಯನ ಉದ್ದ ಮಸೂರವನ್ನು ಎರವಲು ತಂದು ಮೊಳಕಾಲ್ಮೂರಿನ ಕಡೆಯ ಒಂದು ಹಟ್ಟಿಗೆ ಹೋದ. ಎಳೆಬಿಸಿಲಿಗೆ ಮೈಯೊಡ್ಡಿ ಚಿರತೆ ಬಂಡೆಯ ಮೇಲೆ ಕುಳಿತು ಬಾಯಿ ತೆರೆದಿತ್ತು. ಅದೇ ಕ್ಷಣಕ್ಕೆ ಗುಂಡಿ ಒತ್ತಿದ. ಸಂಜೆ ಮನೆಗೆ ಬಂದು, "ಸಾ, ಹೆಂಗೈತೆ ನೋಡಿ" ಎಂದು ಮುಂದಿಟ್ಟ.

ಚಿತ್ರದ ತುಂಬ ಬಂಡೆ, ಒಣಹುಲ್ಲು. ಕೆಳಮೂಲೆಯಲ್ಲಿ ಕುರಿರೊಪ್ಪದ ಮುಳ್ಳುಬೇಲಿ, ಎರಡು ಮೂರು ಕುರಿಗಳ ಬೆನ್ನು. ಇಷ್ಟರ ನಡುವೆ ಅಂಗೈಯಷ್ಟು ಚಿರತೆ. ಪ್ರಬಂಧ ತಿದ್ದುವ ಕೈ ನನ್ನದು; ಸುಮ್ಮನಿರಲಿಲ್ಲ. "ಈ ಬೇಲಿ, ಕುರಿ ಎಲ್ಲ ಯಾಕಪ್ಪ? ವಿಷಯಕ್ಕೆ ಬೇಡದ್ದನ್ನು ಸವರಿಬಿಡು, ಮುಖವೊಂದಿದ್ದರೆ ಸಾಕು" ಎಂದೆ. ಗುರುವಾಕ್ಯವೆಂದು ಅವನು ಹಾಗೆಯೇ ಮಾಡಿ ಗೆಳೆಯರಿಗೆ ಕಳಿಸಿದ.

ಎರಡು ದಿನದಲ್ಲಿ ಆ ಮುಖ ಫೋನಿಂದ ಫೋನಿಗೆ ಹಾರಿತು. ಜೊತೆಗೆ ಯಾರೋ ಸೇರಿಸಿದ ಮಾತು: "ಊರಿಗೆ ನುಗ್ಗಿದೆ, ಎಚ್ಚರ!" ಹಟ್ಟಿಯವರು ಕುರಿಯನ್ನು ಮೇವಿಗೆ ಬಿಡಲಿಲ್ಲ. ಹುಡುಗರು ದೊಣ್ಣೆ, ಪಟಾಕಿ ಹಿಡಿದು ಗುಡ್ಡ ಹತ್ತಿದರು. ಅರಣ್ಯದ ಕಾವಲುಗಾರರು ಬಂದು ತಡೆಯದಿದ್ದರೆ ಹುಡುಗರಿಗೋ ಚಿರತೆಗೋ ಅಪಾಯ ತಪ್ಪುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲೇ ಆ ಪ್ರಾಣಿಯಿದೆ ಎಂಬುದು ಗುಂಪಿಗೆ ನೆನಪಾಗುವ ಮಾತಲ್ಲ.

ನಿಜವಾಗಿ ಚಿರತೆ ಮಾಡುತ್ತಿದ್ದುದು ಆಕಳಿಕೆ! ನಿಮ್ಮ ಮನೆಯ ಬೆಕ್ಕು ಆಕಳಿಸುವಾಗ ಗಮನಿಸಿ: ಕೋರೆಹಲ್ಲೆಲ್ಲ ಕಾಣುತ್ತದೆ, ಕಣ್ಣು ಕಿರಿದಾಗುತ್ತದೆ. ಮುಖವೊಂದನ್ನೇ ನೋಡಿದರೆ ಅದು ರೌದ್ರ. ಸಡಿಲವಾಗಿ ಇಳಿಬಿಟ್ಟ ಕಾಲು, ಜೋತುಬಿದ್ದ ಬಾಲ, ಬೆದರದೆ ನಿಂತ ಕುರಿಗಳು, ಇವು ಜೊತೆಗಿದ್ದರೆ ಅದು ಶಾಂತ. ರಸವನ್ನು ನಿರ್ಣಯಿಸುವ ಅಂಗಗಳನ್ನೇ ನಾನು ಕತ್ತರಿಸಿಹಾಕಿಸಿದ್ದೆ.

ಆಮೇಲೆ ಶಿಷ್ಯನೇ ನನಗೆ ಗುರುವಾದ. ಅಂಚು ಕತ್ತರಿಸುವುದು ತಪ್ಪಲ್ಲ, ಸಾ, ಲೆಕ್ಕ ಗೊತ್ತಿರಬೇಕು ಎಂದ. ಅವನ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಲಾಗಿ 6000, ಉದ್ದಲಾಗಿ 4000 ಚುಕ್ಕೆ. ಒಟ್ಟು ಎರಡು ಕೋಟಿ ನಲವತ್ತು ಲಕ್ಷ. ಎರಡು ಕಡೆಯೂ ಅರ್ಧ ಕತ್ತರಿಸಿದರೆ ಉಳಿಯುವುದು ಅರ್ಧವಲ್ಲ, ಕಾಲುಭಾಗ. ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಹತ್ತು ಅಂಗುಲ ಅಗಲ ಬಂದೀತು. ಮುಖವಷ್ಟೇ ಉಳಿಸಿದರೆ ಚುಕ್ಕೆಗಳು ಒಡೆದು ಕಾಣುತ್ತವೆ. ಫೋನಿನ ಚಿಕ್ಕ ಪರದೆಯಲ್ಲಿ ಆ ದೋಷ ಅಡಗಿಬಿಡುತ್ತದೆ.

ಪ್ರಾಣಿ ನೋಡುವ ದಿಕ್ಕಿನಲ್ಲಿ ಜಾಗ ಬಿಡಬೇಕು. ಇಲ್ಲವಾದರೆ ಅದು ಗೋಡೆಗೆ ಮೂಗು ತಾಗಿಸಿದಂತಿರುತ್ತದೆ. ಕಾಲನ್ನು ಪಾದದ ಹತ್ತಿರ ಕತ್ತರಿಸಿದರೆ ಹೆಳವನಂತೆ ಕಂಡೀತು. ಬಾಲದ ತುದಿ ಮರೆತವರಂತೂ ಬಹಳ ಜನ. ಚಿರತೆಯ ಬಾಲವೆಂದರೆ ವಾಕ್ಯದ ಕ್ರಿಯಾಪದ. ಇದು ಶಿಷ್ಯನ ಮಾತಲ್ಲ, ನನ್ನದು.

ಕತ್ತರಿಯಿಂದ ಇನ್ನೊಂದು ನಷ್ಟವೂ ಉಂಟು. 1990ರ ದಶಕದಲ್ಲಿ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟು, ಮೈಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿದರು. ಚಿರತೆಯನ್ನು ಗುರುತಿಸುವುದು ಮೈಮೇಲಿನ ಮಚ್ಚೆಗಳಿಂದ. ಎಡಮಗ್ಗುಲಿನ ಬರಹ ಬಲಮಗ್ಗುಲಿಗೆ ಹೊಂದದು. ಮಗ್ಗುಲನ್ನು ಕತ್ತರಿಸಿ ಎಸೆದರೆ, ಇದು ಯಾವ ಚಿರತೆ ಎಂದು ಕೇಳಿದವರಿಗೆ ಉತ್ತರವಿಲ್ಲ.

ಫಿಯಾಪ್ ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳ ನಿಸರ್ಗ ವಿಭಾಗದ ನಿಯಮದಂತೆ ಅಂಚು ಕತ್ತರಿಸಬಹುದು. ಚಿತ್ರದೊಳಗಿನದನ್ನು ಅಳಿಸುವುದಾಗಲಿ ಹೊಸದನ್ನು ಸೇರಿಸುವುದಾಗಲಿ ಕೂಡದು. ನಿಯಮ ಸರಿಯೇ. ಆದರೆ ಅಂಚಿನಲ್ಲಿ ಕುರಿಯಿದ್ದಾಗ ಕತ್ತರಿಸುವುದಕ್ಕೂ ಅಳಿಸುವುದಕ್ಕೂ ಏನು ಅಂತರವೆಂದು ನನಗೆ ಇಂದಿಗೂ ಅನುಮಾನ.

ನಮ್ಮ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರ ಹೆಸರನ್ನು ನೀವು ಕೇಳಿರುತ್ತೀರಿ. ರಾಜಮನೆತನದವರು, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, 2011ರಲ್ಲಿ ತೀರಿಕೊಂಡರು. ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್', ಬಿಸಿಲು ಮತ್ತು ನೆರಳು. ಪ್ರಾಣಿಯೊಂದಿಗೆ ಅದರ ಬಿಸಿಲೂ ನೆರಳೂ ಚಿತ್ರದೊಳಗೆ ಬರಬೇಕೆಂಬುದನ್ನು ನಾನು ಆ ಹೆಸರಿನಿಂದಲೇ ಕಲಿತೆ.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದವು. ಪ್ರಾಣಿಗಳಲ್ಲಿ ದಯೆ ದೃಢವಾಗಿರಲಿ, ಸತ್ಯವನ್ನೇ ನುಡಿಯಿರಿ ಎಂಬ ಎರಡು ಅಪ್ಪಣೆಗಳು ಅಲ್ಲಿ ಅಕ್ಕಪಕ್ಕದಲ್ಲೇ ಬರುತ್ತವೆ. ಮೂವತ್ತು ವರ್ಷ ಮಕ್ಕಳಿಗೆ ಅದನ್ನು ಪಾಠ ಹೇಳಿದ್ದೆ. ಎರಡನ್ನೂ ಒಂದೇ ಕತ್ತರಿಯಿಂದ ಮೀರಬಹುದೆಂದು ಹೊಳೆದಿರಲಿಲ್ಲ.

ಈಗ ಶಿಷ್ಯನ ಅಂಗಡಿಯ ಗೋಡೆಯ ಮೇಲೆ ಇಡೀ ಚಿತ್ರವೇ ಇದೆ. ಮೇಲೆ ಖಾಲಿ ಆಕಾಶವನ್ನು ಮಾತ್ರ ಎರಡು ಬೆರಳಷ್ಟು ತೆಗೆದಿದ್ದಾನೆ. ಹೋದ ಸಂತೆಯ ದಿನ ಆ ಹಟ್ಟಿಯ ಮುದುಕರೊಬ್ಬರು ಫೋಟೋ ತೆಗೆಸಲು ಬಂದು ಅದರ ಮುಂದೆ ನಿಂತರು. "ಅಯ್ಯೋ, ಇದು ನಮ್ ರೊಪ್ಪ ಅಲ್ಲೇನೋ!" ಎಂದರು. ಕುರಿಯನ್ನು ಗುರುತು ಹಿಡಿದರು, ಬೇಲಿಯ ಮುರುಕನ್ನು ತೋರಿಸಿದರು. ಬಂಡೆಯ ಮೇಲಿನ ಚಿರತೆ ಅವರ ಕಣ್ಣಿಗೆ ಬೀಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.