ಕೆರೆಯ ದಂಡೆಯಲ್ಲಿ ಅರ್ಧ ಗಂಟೆ



ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ನಾವು ಎಷ್ಟು ಸಲ ಹೋಗಿ ಬಂದಿಲ್ಲ! ನೆಂಟರ ಮನೆ, ಸಂತೆ, ಕಚೇರಿ ಕೆಲಸ, ಒಂದಲ್ಲ ಒಂದು ಕಾರಣ. ದಾರಿಬದಿಯ ಕೆರೆಗಳು ಮಾತ್ರ ಕಣ್ಣಿಗೆ ಬಿದ್ದೂ ಬೀಳದ ಹಾಗೆ ಹಿಂದೆ ಸರಿದುಬಿಡುತ್ತವೆ. ಮುಂದಿನ ಸಲ ಬಸ್ಸಿಗೆ ಹೊತ್ತಿದ್ದರೆ ಒಂದು ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಕುಳಿತು ನೀರುಹಕ್ಕಿಗಳನ್ನು ನೋಡಿ. 'ಹಕ್ಕಿ ನೋಡ್ತಾ ಕೂತರೆ ಹೊಟ್ಟೆ ತುಂಬ್ತದೆಯೇ?' ಅಂತ ನೀವು ಕೇಳಬಹುದು. ಅದನ್ನೇ ಇಂದು ಹೇಳಬೇಕೆಂದಿದ್ದೇನೆ.

ಬೆಳಗಿನ ಹೊತ್ತು ಅಥವಾ ಇಳಿಹೊತ್ತು ಒಳ್ಳೆಯದು. ಸೂರ್ಯ ಬೆನ್ನ ಹಿಂದಿರಲಿ, ಮಾತು ಕಡಿಮೆ ಇರಲಿ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಉತ್ತರದ ಚಳಿನಾಡುಗಳಿಂದ ಬರುವ ಬಾತುಗಳೂ ಕಂಡಾವು.

ಯಾವ ಹಕ್ಕಿ ಎಲ್ಲಿದೆ ಎಂಬುದನ್ನು ಗಮನಿಸಿ. ಅಂಚಿನ ತೆಳುನೀರಿನಲ್ಲಿ ಕೊಳದ ಬಕ ಕದಲದೆ ನಿಂತಿರುತ್ತದೆ. ಕುಳಿತಾಗ ಮಣ್ಣುಬಣ್ಣ, ಹಾರಿದಾಗ ಬೆಳ್ಳಗೆ. ಗದ್ದೆಯ ಹಾಳಿ ಕೊರೆಯುವ ಏಡಿಗಳನ್ನೂ ಅದು ತಿನ್ನುತ್ತದೆ. ತಾವರೆ ಎಲೆಯ ಮೇಲೆ ಉದ್ದ ಬೆರಳೂರಿ ನಡೆಯುವುದು ದೇವನಕ್ಕಿ. ಜೊಂಡಿನಲ್ಲಿ ನೀಲಿ ಮೈ, ಕೆಂಪು ಕೊಕ್ಕಿನ ಜಂಬುಕೋಳಿ. ನಡುನೀರಿನಲ್ಲಿ ಸಿಳ್ಳೆ ಬಾತು. ಆಳದಲ್ಲಿ ಮುಳುಗಿ ಇನ್ನೆಲ್ಲೋ ಏಳುವ ಪುಟ್ಟದು ಗುಳುಮುಳುಕ. ಇಷ್ಟೂ ಬಗೆ ಕಂಡರೆ ಆ ಕೆರೆಯಲ್ಲಿ ತೆಳುನೀರು, ಜೊಂಡು, ಆಳ ಮೂರೂ ಉಂಟೆಂದು ತಿಳಿಯಿರಿ.

ಈಗ ನಮ್ಮ ಊರ ಕೆರೆಗೆ ಬರೋಣ. ಬೇಸಿಗೆಯಲ್ಲಿ ಹೂಳು ತೆಗೆಯಲೇಬೇಕು, ಇಲ್ಲದಿದ್ದರೆ ನೀರು ನಿಲ್ಲದು. ಆದರೆ ಯಂತ್ರ ತಂದು ನಾಲ್ಕೂ ಬದಿಯನ್ನು ಬಾವಿಯಂತೆ ಕಡಿದಾಗಿ ಕಡಿದರೆ ಬಕಕ್ಕೂ ದೇವನಕ್ಕಿಗೂ ಕಾಲೂರಲು ಜಾಗವಿಲ್ಲ. ಹಕ್ಕಿಗಷ್ಟೇ ಅಲ್ಲ. ನೀರಿಗಿಳಿದ ದನ ಮೇಲೆ ಹತ್ತಲಾರದು. ಕಾಲು ಜಾರಿದ ಮಗುವಿಗೆ ಹಿಡಿಯಲು ಆಸರೆಯಿರದು. ಆದ್ದರಿಂದ ನಡುವೆ ಬೇಕಾದಷ್ಟು ಆಳ ಮಾಡಿ, ಒಂದು ಬದಿ ಮಾತ್ರ ಇಳಿಜಾರಾಗಿರಲಿ. ಒಂದು ಮೂಲೆಯ ಜೊಂಡನ್ನು ಬಿಡಿ. ಮಳೆಗಾಲದಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದು ಅಂಥಲ್ಲೇ.

ಜಂಬುಕೋಳಿ ಕೆರೆಯಂಚಿನ ಗದ್ದೆಗೆ ನುಗ್ಗಿ ಪೈರು ಕತ್ತರಿಸುವುದುಂಟು, ಇಲ್ಲವೆನ್ನಲಾರೆ. ಕೂಗಿ ಓಡಿಸಿ, ಡಬ್ಬಿ ಬಡಿಯಿರಿ. ವಿಷ ಮಾತ್ರ ಇಡಬೇಡಿ. ಆ ವಿಷ ನಿಮ್ಮ ದನ ಕುಡಿಯುವ ನೀರಿಗೇ ಇಳಿಯುತ್ತದೆ. ಕಾಡುಹಕ್ಕಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವೂ ಹೌದು.

ಕುಮಟೆ ತಾಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರುನೆಲಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿ ಅದು. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಇರುವುದೂ ಆ ಅಳಿವೆಯ ಆಸುಪಾಸಿನಲ್ಲೇ. ನಮ್ಮೂರ ಪುಟ್ಟ ಕೆರೆ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಕಾವಲು ನಾವೇ.

ಈ ಬೇಸಿಗೆ ಹೂಳೆತ್ತುವ ಮಾತು ಬಂದಾಗ, ಗುದ್ದಲಿ ಹಾಕುವ ಮೊದಲು ಮನೆಮಂದಿಯೆಲ್ಲ ಒಂದು ಬೆಳಿಗ್ಗೆ ದಂಡೆಯಲ್ಲಿ ಕುಳಿತು ನೋಡಿ. ಬಕ ಎಲ್ಲಿ ನಿಲ್ಲುತ್ತದೋ ಆ ಬದಿಯನ್ನು ಇಳಿಜಾರಾಗಿಯೇ ಬಿಡಿ.