ನಮ್ಮ ಮೂರು ತಾಲ್ಲೂಕುಗಳು: ನೆಲ, ಚರಿತ್ರೆ ಮತ್ತು ಮನೆಮಾತು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಭೂಗೋಳದ ಪಾಠದಲ್ಲಿ ದೂರದೇಶಗಳ ನದಿ, ಪರ್ವತಗಳ ಹೆಸರನ್ನು ಬಾಯಿಪಾಠ ಮಾಡುತ್ತೇವೆ. ಇಂದು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳನ್ನೇ ಪಾಠವಾಗಿ ನೋಡೋಣ.

ಉತ್ತರದಲ್ಲಿ ಕಾವೇರಿ. ಶಿವನಸಮುದ್ರದಲ್ಲಿ ಅದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟ, ಹನೂರಿನ ಕಡೆ ಮಲೆ ಮಹದೇಶ್ವರ ಬೆಟ್ಟ, ಅದರಾಚೆ ತಮಿಳುನಾಡು.

ಚರಿತ್ರೆ ಇನ್ನೂ ಸ್ವಾರಸ್ಯಕರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ನೆರೆಯ ಊರುಗಳು, ಎರಡು ಸರ್ಕಾರಗಳು! 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಗೆರೆಗಳು ಬದಲಾದವು, ಜನರ ಮಾತು ಬದಲಾಗಲಿಲ್ಲ.

ಇಲ್ಲಿ ಎಲ್ಲರನ್ನೂ ಕೂಡಿಸುವ ಭಾಷೆ ಕನ್ನಡ. ಕಾಡಿನಲ್ಲಿ ಸೋಲಿಗರ ನುಡಿ, ಮಾರ್ಟಳ್ಳಿ ಕಡೆ ತಮಿಳು, ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಮಾತು, ನಮ್ಮ ಮೊಹಲ್ಲಾಗಳಲ್ಲಿ ದಖ್ಖನಿ. ಈ ದಖ್ಖನಿಯನ್ನು ‘ಕೆಟ್ಟ ಉರ್ದು’ ಎಂದು ನಾವೇ ಹೀಗಳೆಯುತ್ತೇವೆ. ಅದು ಕೆಟ್ಟದ್ದಲ್ಲ, ಕನ್ನಡದ ನೆರೆಯಲ್ಲಿ ಬೆಳೆದದ್ದು. ‘ಬರ್ತೀನಿ ಅಂತ ಹೇಳಿದ’ ಎಂಬುದನ್ನು ನಮ್ಮ ಮನೆಯಲ್ಲಿ ‘ಆತೂಂ ಬೋಲ್‌ಕೆ ಬೋಲ್ಯಾ’ ಎನ್ನುತ್ತೇವೆ. ಆ ‘ಬೋಲ್‌ಕೆ’ ನಮ್ಮ ‘ಅಂತ’ದ ಅಚ್ಚಿನಲ್ಲಿ ಎರಕವಾದದ್ದು. ಪ್ರತಿಯಾಗಿ ಜಿಲ್ಲೆ, ತಾಲ್ಲೂಕು, ಜಮೀನು, ದಾಖಲೆ ಎಂಬ ಅರಬ್ಬಿ-ಫಾರಸಿ ಮೂಲದ ಪದಗಳು ಕನ್ನಡದ ಸ್ವಂತ ಆಸ್ತಿಯಾಗಿವೆ.

ಮನೆಮಾತಿಗೆ ನಾಚಿದರೆ ಏನಾಗುತ್ತದೆ? ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ಫಿನಿಸ್ಟೇರ್ ಎಂಬ ಜಿಲ್ಲೆಯಿದೆ. ‘ನೆಲದ ಕೊನೆ’ ಎಂದು ಅದರ ಅರ್ಥ. ಅಲ್ಲಿನ ಬ್ರೆಟನ್ ಭಾಷೆಯನ್ನು ಶಾಲೆಯಲ್ಲಿ ಆಡಿದ ಮಗುವಿನ ಕೊರಳಿಗೆ ಒಂದು ವಸ್ತುವನ್ನು ನೇತುಹಾಕಿ ಅವಮಾನಿಸುತ್ತಿದ್ದರು. ಆ ಮಕ್ಕಳು ಬೆಳೆದು ತಂದೆತಾಯಿಗಳಾದಾಗ ತಮ್ಮ ಮಕ್ಕಳಿಗೆ ಆ ಮಾತನ್ನು ಕಲಿಸಲಿಲ್ಲ. ಒಂದು ಕಾಲಕ್ಕೆ ಹತ್ತು ಲಕ್ಷ ದಾಟಿದ್ದ ಬ್ರೆಟನ್ ಮಾತುಗಾರರು ಇಂದು ಸುಮಾರು ಒಂದು ಲಕ್ಷ. 1977ರಲ್ಲಿ ಜನರೇ ಬ್ರೆಟನ್ ಶಾಲೆ ತೆರೆದರು. ಅದರ ಹೆಸರು ‘ದಿವಾನ್’. ಆ ಭಾಷೆಯಲ್ಲಿ ಮೊಳಕೆಯೊಡೆಯುವುದು ಎಂದರ್ಥ.

ನಮ್ಮ ಒಂದನೇ ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಬಾಯಿಬಿಡದ ಮಗುವನ್ನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೆ ಬುದ್ಧಿ ಕಡಿಮೆಯಲ್ಲ, ಪದ ಸಿಕ್ಕಿರುವುದಿಲ್ಲ. ಶಿಕ್ಷಕ ಬಂಧುಗಳೇ, ಅದು ಮನೆಮಾತಿನಲ್ಲೇ ಹೇಳಲಿ. ಕನ್ನಡದ ಪದವನ್ನು ನಾವು ಪಕ್ಕದಲ್ಲಿಡೋಣ. ಸೋಲಿಗರ ಮಗುವಿಗೂ ಇದೇ ನ್ಯಾಯ.

ವಿದ್ಯಾರ್ಥಿಗಳೇ, ಮನೆಮಾತಿನ ಅಭಿಮಾನ ಕನ್ನಡ ಕಲಿಯದಿರಲು ನೆಪವಾಗಬಾರದು. ಅರ್ಜಿ, ಪರೀಕ್ಷೆ, ವ್ಯಾಪಾರ ಎಲ್ಲಕ್ಕೂ ಇಲ್ಲಿ ಕನ್ನಡ ಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ ಕನ್ನಡದ ಕವಯಿತ್ರಿಯಾದಳು. ಆ ಕನ್ನಡ ನಿಮ್ಮದೂ ಹೌದು. ಈ ರಜೆಯಲ್ಲಿ ನಾನಿಯ ಬಳಿ ಕುಳಿತು, ನಿಮಗೆ ತಿಳಿಯದ ಹತ್ತು ಪದ ಕೇಳಿ, ಅದರ ಮುಂದೆ ಕನ್ನಡದ ಪದ ಬರೆದು ತನ್ನಿ.